ಬಾಯಿ ಮುಚ್ಚಿದ ಪೈಪು

ನಾನು ಕಲಿಸುವ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಪ್ಲಾಸ್ಟಿಕ್ ಪೈಪಿನಲ್ಲಿ ರಾಕೆಟ್ ಮಾಡಿ, ಗೋಣಿಚೀಲ ಸುತ್ತಿ, ನೆಲೋಗಿಯಲ್ಲಿ ಜೇವರ್ಗಿ ಬಸ್ ಹತ್ತಿದ್ದೆ. ಪಕ್ಕದ ಮುದುಕಿ ಚೀಲದಿಂದ ಇಣುಕಿದ ಪೈಪ್ ನೋಡಿ, "ಬೋರಿಗೆ ನೀರ್ ಬಿದ್ದಾವೇನ್ರಿ ಸರ?" ಅಂದಳು.

ರಾಕೆಟ್ ಅಂದರೆ ನಗುತ್ತಾರೆಂದು, "ಹೌದು ಆಯಿ, ಬಿದ್ದಾವ" ಅಂದುಬಿಟ್ಟೆ.

ಬಸ್ಸಿಗೆ ಬಸ್ಸೇ ಖುಷಿಪಟ್ಟಿತು. "ಎಷ್ಟ್ ಇಂಚ್ ಬಿದ್ದಾವ್ರಿ?" "ನೀರಿನ ಪಾಯಿಂಟ್ ಯಾರ್ ತೋರಿಸಿದ್ರು?" ಒಬ್ಬ ಎದ್ದು ಪೈಪಿಗೆ ಜಾಗ ಬಿಟ್ಟ. ಮುದುಕಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಗ ಚೂಪಾದ ತುದಿ ಕೈಗೆ ಸಿಕ್ಕಿತು.

"ಇದರ ಬಾಯಿ ಮುಚ್ಚೇದಲ್ರಿ ಸರ, ನೀರ್ ಹ್ಯಾಂಗ ಬರ್ತಾವ?"

ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಮರುದಿನ ರಾಕೆಟ್ ಬೇವಿನ ಮರ ದಾಟಿ ಹಾರಿತು. ಎಲ್ಲರೂ ಮೇಲೆ ನೋಡಿ ಚಪ್ಪಾಳೆ ತಟ್ಟಿದರು. ಅದನ್ನು ಮಾಡಿದ ನಾನೊಬ್ಬ ಮಾತ್ರ ನೆಲ ನೋಡುತ್ತ ನಿಂತಿದ್ದೆ.