ಚಾದಂಗಡಿಯಲ್ಲಿ ಕೂತಿದ್ದಾಕೆ

ನಮ್ಮೂರ ಬ್ಯಾಂಕಿನಲ್ಲಿ ಕೆಲಸಕ್ಕಿರುವ ಹುಡುಗ ಆಟದ ಆ ಹೊಸ ಪುಸ್ತಕವನ್ನು ನನ್ನ ಮುಂದಿಟ್ಟಾಗ ಮೊದಲ ಪುಟಕ್ಕೇ ನನಗೆ ಸಿಟ್ಟು ಬಂತು. ಮಿರಿಮಿರಿ ಮಿಂಚುವ ಕಾಗದ, ಪುಟಪುಟಕ್ಕೂ ಬಣ್ಣದ ರಾಕ್ಷಸರು. ನಾವು ನಾಲ್ವರು ಗೆಳೆಯರು ಹರೆಯದಲ್ಲಿ ವರ್ಷಗಟ್ಟಲೆ ಆಡಿದ ಆಟದ ಲೋಕವನ್ನು ಅದೇ ಕಂಪನಿಯವರು ಈಗಿನ ಹುಡುಗರಿಗೆಂದು ಮತ್ತೆ ಎಬ್ಬಿಸಿ ನಿಲ್ಲಿಸಿದ್ದರು.

"ಕಾಕಾ, ನೀವು ಹೇಳ್ತಿದ್ರಲ್ಲ ಬಾಗಲಗಳ ಊರು, ಅದ ಇದು ನೋಡ್ರಿ," ಎಂದ.

ನೋಡಿದೆ. ಊರಿನ ಹೆಸರು ಅದೇ ಇತ್ತು. ಊರು ಇರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಹೇಳಬೇಕು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮೇಜಿನ ಸುತ್ತ ಕೂತು 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೆಲ್ಲುವುದು, ಸೋಲುವುದು ಇಲ್ಲ. ನಮ್ಮ ಆಟದಲ್ಲಿ ಎಲ್ಲ ಲೋಕಗಳ ನಡುವೆ ಒಂದು ಊರು. ಅದರ ಗೋಡೆಗೋಡೆಗೂ ಬಾಗಿಲು, ಒಂದೊಂದು ಬಾಗಿಲಿನಾಚೆ ಒಂದೊಂದು ಲೋಕ.

ಆಟದ ಪೆಟ್ಟಿಗೆ ಬಂದದ್ದು ಸವಣೂರಿನ ಗೆಳೆಯನಿಂದ. ಅವನ ಅಣ್ಣ ದುಬೈಯಲ್ಲಿ ಬಿಳಿಯರೊಬ್ಬರ ಮನೆಯಲ್ಲಿ ಅಡುಗೆಯವನಾಗಿದ್ದ. ಅವರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಸಾಮಾನಿನಲ್ಲಿ ಅದೂ ಇತ್ತು. ನನ್ನದು ಹೈಸ್ಕೂಲಿನ ಇಂಗ್ಲಿಷ್. ಡಿಕ್ಷನರಿ ಇಟ್ಟುಕೊಂಡು ಓದಿದರೆ ಅರ್ಧ ತಿಳಿಯಿತು, ಉಳಿದರ್ಧವನ್ನು ನಾವೇ ಹುಟ್ಟಿಸಿಕೊಂಡೆವು. ನನಗೆ ಹಾನಗಲ್ಲಿನಲ್ಲಿ ರೇಡಿಯೋ ರಿಪೇರಿ ಅಂಗಡಿ, ಸವಣೂರಿನವನಿಗೆ ವೀಳ್ಯದೆಲೆಯ ತೋಟ. ಹಿರೇಕೆರೂರಿನ ಒಬ್ಬ ಬಸ್ ಕಂಡಕ್ಟರ್. ಶಿಗ್ಗಾಂವಿಯವನದು ಹಿಟ್ಟಿನ ಗಿರಣಿ. ಅದು ಬಂದ್ ಇರುವ ದಿನ ಅಲ್ಲೇ ಕೂಡುತ್ತಿದ್ದೆವು. ದಾಳಗಳ ಮೇಲೆಲ್ಲ ಹಿಟ್ಟು ಕೂತಿರುತ್ತಿತ್ತು. ಒಂದು ಬಾಗಿಲಿನಾಚೆಯ ನಮ್ಮ ನರಕದಲ್ಲಿ ಸದಾ ಮೆಣಸಿನಕಾಯಿ ಒಣಗುತ್ತಿತ್ತು, ಯಮದೂತರೂ ಸೀನುತ್ತಿದ್ದರು. ಇನ್ನೊಂದು ಲೋಕದಲ್ಲಿ ಮದುವೆಯ ಊಟ ಮುಗಿಯುತ್ತಲೇ ಇರಲಿಲ್ಲ, ಆದರೆ ನಿಮ್ಮ ಪಂಕ್ತಿ ಮಾತ್ರ ಯಾವಾಗಲೂ ಮುಂದಿನದು.

ಆ ಲೋಕಗಳಲ್ಲಿ ಜನ ಏನನ್ನು ನಂಬುತ್ತಾರೋ ಅದೇ ನಿಜವಾಗುತ್ತಿತ್ತು. ಊರವರೆಲ್ಲ ಮನಸ್ಸು ಬದಲಿಸಿದರೆ ಊರೇ ಕಿತ್ತುಕೊಂಡು ಬೇರೆ ಲೋಕಕ್ಕೆ ಹೋಗುತ್ತಿತ್ತು. ಅದಕ್ಕೇ ನಾವು ಹೊಡೆದಾಡಿದ್ದು ಕಡಿಮೆ, ವಾದ ಮಾಡಿದ್ದು ಹೆಚ್ಚು. ಹೊಸ ಪುಸ್ತಕ ಈ ಮಾತನ್ನು ಒಂದು ಮೂಲೆಗೆ ತಳ್ಳಿ, ಉಳಿದ ಜಾಗದಲ್ಲೆಲ್ಲ ಹೊಡೆದಾಟ ತುಂಬಿತ್ತು. ಯಾರ ಮೇಲೆ ಸಿಟ್ಟಾಗಲಿ? ಎಲ್ಲೋ ಕೂತು ಬರೆದವರಿಗೆ ನಮ್ಮ ಗಿರಣಿ ಹೇಗೆ ಗೊತ್ತಾಗಬೇಕು?

ಯಾವ ಪುಸ್ತಕದಲ್ಲೂ ಇಲ್ಲದ ಒಂದು ಕಾಯಿದೆಯನ್ನು ನಾವೇ ಮಾಡಿಕೊಂಡಿದ್ದೆವು. ಆಟಕ್ಕೆ ಬರಲಾಗದವನ ಪಾತ್ರ ಬಾಗಿಲುಗಳ ಊರಿನ ಅಗಸಿಬಾಗಿಲ ಹತ್ತಿರದ ಚಾದಂಗಡಿಯಲ್ಲಿ ಕೂತಿರುತ್ತದೆ. ಅಲ್ಲಿ ಕೂತವರನ್ನು ಯಾರೂ ಮುಟ್ಟುವಂತಿಲ್ಲ, ಕಥೆ ನಡೆಸುವವನು ಕೂಡ. ಒಬ್ಬನಿಗೆ ಬಸ್ಸು ತಪ್ಪುತ್ತಿತ್ತು, ಇನ್ನೊಬ್ಬನಿಗೆ ಡ್ಯೂಟಿ ಬೀಳುತ್ತಿತ್ತು. ನಮ್ಮಂಥವರಿಗೆ ಬೇಕಾದ ಕಾಯಿದೆ ಅದು. ಕಥೆ ನಡೆಸುವುದು ಸರದಿಯ ಮೇಲೆ, ಆದ್ದರಿಂದ ಎಲ್ಲರಿಗೂ ಒಂದೊಂದು ಪಾತ್ರವಿತ್ತು. ನನ್ನದು ಲೋಕಲೋಕಕ್ಕೆ ಪತ್ರ ಮುಟ್ಟಿಸುವ ಒಬ್ಬ ಬಡಾಯಿಕೋರ ಟಪಾಲಿನವ. ಸವಣೂರಿನವನದು ಒಬ್ಬ ಹೆಣ್ಣುಮಗಳು, ಆ ಬಾಗಿಲುಗಳಿಗೆ ಕೀಲಿ ಮಾಡಿಕೊಡುವಾಕೆ. ಅವಳ ದಪ್ಪ ದನಿ, ಚೌಕಾಸಿ, ಬೈಗುಳ ಎಲ್ಲವೂ ಅವನ ಅಕ್ಕನವು. ತಾಯಿಯಿಲ್ಲದ ಅವನನ್ನು ಸಾಕಿದ ಆ ಅಕ್ಕನನ್ನು ಅವನು ಆಪಾ ಎನ್ನುತ್ತಿದ್ದ. ಆಪಾ ತೀರಿಕೊಂಡ ಮೇಲೆ ಅವನು ಆಟಕ್ಕೆ ಬರಲಿಲ್ಲ. "ಅಕಿ ಚಾದಂಗಡ್ಯಾಗ ಕುಂತಿರ್ಲಿ," ಎಂದು ಹೇಳಿ ಕಳಿಸಿದ. ಆಮೇಲೆ ಉಳಿದಿಬ್ಬರೂ ತೀರಿಕೊಂಡರು, ಆಟ ನಿಂತಿತು.

ಈಗ ರವಿವಾರ ಮಧ್ಯಾಹ್ನ ನನ್ನ ಮುಚ್ಚಿದ ಅಂಗಡಿಯಲ್ಲಿ ಬ್ಯಾಂಕಿನ ಹುಡುಗ, ಬಾಜೂ ಮೊಬೈಲ್ ಅಂಗಡಿಯವ, ತಿಳವಳ್ಳಿಯ ಒಬ್ಬಳು ಸಾಲಿ ಟೀಚರ್ ಸೇರತೊಡಗಿದರು. ಕಾಯಿದೆ ಹೊಸ ಪುಸ್ತಕದ್ದು, ಊರು ನಮ್ಮದು, ಕಥೆ ನಡೆಸುವವನು ನಾನು. ಸವಣೂರಿಗೆ ಫೋನ್ ಮಾಡಿದೆ.

"ಆಟ ಮತ್ತ ಶುರು ಆಗೇತಿ, ಬಾರಲೇ."

ಅವನು ಕೇಳಿದ: "ನಮ್ಮಾಕಿ ಇನ್ನೂ ಅಲ್ಲೇ ಕುಂತಾಳಿಲ್ಲೋ?"

"ಎಲ್ಲಿ ಹೋಗ್ತಾಳ? ಕುಂತಾಳ."

"ಹಂಗಾರ ಬರ್ತೇನಿ."

ಬರಲಿಲ್ಲ. ಒಂದು ರವಿವಾರ ಎಲೆ ಕೊಯ್ಯುವುದಿತ್ತು, ಇನ್ನೊಂದು ರವಿವಾರ ಮೊಣಕಾಲು ನೋವು. ಇತ್ತ ಹುಡುಗರಿಗೆ ನಮ್ಮ ವಾದಗಳು ಬೇಸರ. "ಕಾಕಾ, ಮಾತು ಸಾಕ್ರಿ, ಫೈಟ್ ಯಾವಾಗ?" ಎಂದು ಮೊಬೈಲ್ ಅಂಗಡಿಯವ ಆಕಳಿಸುತ್ತಿದ್ದ. ಒಂದು ರವಿವಾರ ಗೆಳೆಯನಿಗೆಂದು ಖುರ್ಚಿ ಹಾಕಿಸಿ ಕಾದೆ. ಬರಲೂ ಇಲ್ಲ, ಫೋನೂ ಇಲ್ಲ. ಬರುವ ಮನಸ್ಸಿಲ್ಲದಿದ್ದರೆ ಬರುತ್ತೇನೆ ಅನ್ನುವುದೇಕೆ? ನನಗೆ ಮೈಯೆಲ್ಲ ಉರಿಯಿತು.

ಅಂದು ನಾನು ಚಾದಂಗಡಿಯಲ್ಲಿ ಕೂತಿದ್ದಾಕೆಯನ್ನು ಎಬ್ಬಿಸಿದೆ. ಹುಡುಗರ ಪಾತ್ರಗಳ ವೈರಿಗಳಿಗೆ ಕೀಲಿ ಮಾರುತ್ತಿದ್ದವಳು ಅವಳೇ ಎಂದು ಕಥೆ ಕಟ್ಟಿದೆ. ಆಪಾನ ದನಿಯಲ್ಲೇ ಮಾತಾಡಿದೆ, ಆಪಾನ ಬೈಗುಳಗಳನ್ನೇ ಬೈದೆ. ಹುಡುಗರು ಜಿಗಿದೆದ್ದು ದಾಳ ಒಗೆದರು. ಅವಳು ಚಾದಂಗಡಿಯ ಬೆಂಚಿನ ಮೇಲೆಯೇ ಸತ್ತಳು. ಅವರು ಚಪ್ಪಾಳೆ ಹೊಡೆದರು. ಅಂಥ ಆಟ ಅಲ್ಲಿವರೆಗೆ ಆಗಿರಲಿಲ್ಲ ಎಂದರು. ನಾನು ಹಿಗ್ಗಿದೆ, ಇದನ್ನೂ ಬರೆಯಲೇಬೇಕು.

ಮರುವಾರವೇ ಗೆಳೆಯ ಬಂದ. ಕೋಲೂರಿಕೊಂಡು ಬಸ್ಸಿಳಿದ. ಕಂಕುಳಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು, ಕೈಯಲ್ಲಿ ಎಲ್ಲರೂ ತಿನ್ನಲೆಂದು ತಂದ ಸವಣೂರಿನ ಖಾರದ ಪೊಟ್ಟಣ. ಬಸ್ ಸ್ಟ್ಯಾಂಡಿನಿಂದ ಅಂಗಡಿಯವರೆಗೆ ಜೊತೆಯಲ್ಲೇ ನಡೆದೆ. ಹೇಳಬಹುದಿತ್ತು. ಮಳೆಯ ಮಾತಾಡಿದೆ.

ಕೂತವನೇ ಕೈ ಉಜ್ಜಿಕೊಂಡು, "ನಡೀರಿ, ನಮ್ಮಾಕಿನ್ನ ಎಬ್ಬಸ್ರಿ. ಚಾ ಕುಡದು ಕುಡದು ಹೊಟ್ಟಿ ಕೆಟ್ಟಿರಬೇಕ ಅಕಿದು," ಎಂದ.

"ಯಾರ್ರೀ, ಆ ಕೀಲಿ ಮಾಡಾಕೇನು?" ಮೊಬೈಲ್ ಅಂಗಡಿಯವ ನಕ್ಕ. "ಅಕಿನ್ನ ಹೋದ ವಾರ ಕೊಂದ್ವಲ್ರಿ ಕಾಕಾ! ಏನ್ ಬೈತಿದ್ಲ್ರೀ ಸಾಯೋ ಮುಂದ!"

ಗೆಳೆಯ ನನ್ನ ಕಡೆ ನೋಡಿದ. "ಚಾದಂಗಡ್ಯಾಗೇನು?"

ನಾನು ಖಾರದ ಪೊಟ್ಟಣದ ದಾರ ಬಿಚ್ಚುತ್ತಿದ್ದೆ.

ಟೀಚರಿಗೆ ಏನೋ ತಪ್ಪಿದೆ ಎಂದು ಹೊಳೆಯಿತು. "ಜೀವ ಬರಿಸೋ ಮಂತ್ರ ಪುಸ್ತಕದಾಗ ಐತ್ರಿ ಕಾಕಾ. ಇವತ್ತ ಅಕಿನ್ನ ಎಬ್ಬಸೋಣು," ಎಂದಳು. ಇಷ್ಟು ಸುಲಭವಿತ್ತು. ಹೂಂ ಅನ್ನುವುದಷ್ಟೇ ನನ್ನ ಕೆಲಸ. ಆದರೆ ಹೂಂ ಅಂದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ! "ಮೇಜಿನ ಮ್ಯಾಲೆ ಆಗಿದ್ದು ಆಗಿ ಹೋತು. ಆಟಕ್ಕ ಒಂದು ಕಾಯ್ದೆ ಐತಿ," ಎಂದೆ. ಕಾಯಿದೆಯಂತೆ! ಆ ಬಾಯಿಗೆ ಬೆಂಕಿ ಬೀಳಬೇಕಿತ್ತು.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಎಲೆಯ ಕಟ್ಟನ್ನು ಟೀಚರ ಕೈಗಿತ್ತು, "ನೀರು ಚಿಮುಕಸವಾ, ಬಾಡತಾವು," ಎಂದು ಹೇಳಿ ಎದ್ದ. ಬಾಗಿಲಲ್ಲಿ ನಿಂತು ನನಗೆ ಇಷ್ಟೇ ಅಂದ: "ದೋಸ್ತ, ನಾ ಬರ್ತೇನಿ ಅಂದಿದ್ನಿ. ಇಲ್ಲಿ ಬಂದು ಅಕಿ ದನಿ ತಗದು ಮಾತಾಡಬೇಕಾಗಿತ್ತಲ್ಲ, ಅದಕ್ಕ ಅಂಜಿ ತಡ ಮಾಡಿದ್ನಿ."

ಅವನು ಹೋದ ಮೇಲೆ ಟೀಚರು ಕೇಳಿದಳು, ನಾನು ಹೇಳಿದೆ, ಚಾದಂಗಡಿಯ ಕಾಯಿದೆ, ಆಪಾ, ಎಲ್ಲ. ಅವಳು ದಾಳಗಳನ್ನು ಚೀಲಕ್ಕೆ ಹಾಕಿಕೊಂಡಳು. "ನಮ್ಮ ಕೈಲೆ ಕೊಲ್ಲಿಸಿದ್ರಲ್ರಿ," ಎಂದಳು. ಮುಂದಿನ ರವಿವಾರ ಯಾರೂ ಬರಲಿಲ್ಲ. ಮೂವರೂ ಸವಣೂರಿಗೆ ಹೋಗಿ ಅವನ ಎಲೆತೋಟದಲ್ಲಿ ಆಡತೊಡಗಿದರೆಂದು ಆಮೇಲೆ ತಿಳಿಯಿತು. ಕಥೆ ನಡೆಸುವವನು ಅವನೇ. ನನ್ನ ಊರು, ನನ್ನ ಹುಡುಗರು ಎಂದು ಮನೆಯಲ್ಲಿ ಒಬ್ಬನೇ ಬೈದಾಡಿದೆ.

ಮೊನ್ನೆ ಸಂತೆಯಲ್ಲಿ ಟೀಚರು ಸಿಕ್ಕಳು. ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ, ಕರೆದು ನಿಲ್ಲಿಸಿದಳು.

"ಕಾಕಾ, ನಿಮ್ಮ ಟಪಾಲಿನಾಂವ ಚಾದಂಗಡ್ಯಾಗ ಕುಂತಾನ್ರಿ. ನಾವು ಹೋದಾಗೊಮ್ಮೆ ಕಾಣ್ತಾನ, ಬಡಾಯಿ ಕೊಚ್ಚಕೋಂತ. ಅವನ್ನ ಯಾರೂ ಮುಟ್ಟಬ್ಯಾಡ್ರಿ, ಅಂವ ಬರಾಂವದಾನ ಅಂದಾರ ಸವಣೂರ ಕಾಕಾ."

"ಆಪಾ?" ಎಂದೆ.

"ಅಕಿನ್ನ ಎಬ್ಬಸ್ಲಿಲ್ರಿ. ನಾವು ಕೇಳಿದ್ವಿ, ಬ್ಯಾಡಂದ್ರು. ಅಕಿ ಬೆಂಚ್ ಖಾಲಿ ಐತಿ."

ಮನೆಗೆ ಬಂದು ಆ ಹೊಸ ಪುಸ್ತಕವನ್ನು ಗೋಡೆಗೆ ಎಸೆದೆ. ಪುಸ್ತಕದ್ದೇನು ತಪ್ಪಿತ್ತು? ವಾದ ಬಿಟ್ಟು ಹೊಡೆದಾಟ ತುಂಬಿದ್ದಾರೆಂದು ಅದನ್ನು ಬೈದವನು ನಾನು, ಅದಕ್ಕಿಂತ ಕೆಟ್ಟದ್ದನ್ನು ಮಾಡಿದವನೂ ನಾನು. ಅವನು ನನ್ನ ಟಪಾಲಿನವನನ್ನು ಕೊಂದಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಸಾಯುವ ತನಕ ಮನೆಯಲ್ಲೇ ಕೂರಬಹುದಿತ್ತು. ಆ ಅನುಕೂಲವನ್ನೂ ಅವನು ನನಗೆ ಉಳಿಸಲಿಲ್ಲ.

ರವಿವಾರ ಸವಣೂರಿನ ಬಸ್ಸು ಹತ್ತುತ್ತೇನೆ. ಈ ಸಲ ಮಳೆಯ ಮಾತಾಡಬಾರದೆಂದು, ಹೋದೊಡನೆ ಹೇಳಬೇಕಾದ್ದನ್ನು ಇಲ್ಲಿ ಬರೆದು ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಹುಡುಗೂರಲ್ಲ, ದಾಳ ಅಲ್ಲ. ಅಕಿನ್ನ ಕೊಂದಾಂವ ನಾನ.