ಎಣ್ಣೆ ಸವರಿದ ಗೋಡೆ

ಮೊನ್ನೆ ಬಚ್ಚಲಿನಲ್ಲಿ ಕನ್ನಡಿ ಅಂಟಿಸಲು ಬಂದವನು ಸಿಲಿಕೋನ್ ಟ್ಯೂಬಿನ ಮೂತಿ ಕತ್ತರಿಸಿದ್ದೇ ತಡ, ಮನೆಯೆಲ್ಲ ಹುಳಿ ವಾಸನೆ. ಬಸ್‌ಸ್ಟ್ಯಾಂಡಿನ ಗೋಬಿ ಗಾಡಿಯ ಪಕ್ಕ ನಿಂತ ಹಾಗೆ. ನನಗೆ ಮಾತ್ರ ಭಾವನೇ ಬಂದು ನಿಂತಂತಾಯಿತು... ಈ ವಾಸನೆ ಅವರ ಅಂಗಿಗೆ ಸದಾ ಅಂಟಿಕೊಂಡಿರುತ್ತಿತ್ತು. ಅವರು ಅಂಟಿಸಿದ್ದರಲ್ಲಿ ಗಟ್ಟಿಯಾಗಿ ನಿಂತದ್ದು ಅದೊಂದೇ.

ಅಕ್ಕನ ಗಂಡ. ರಾಯದುರ್ಗದ ಬಳ್ಳಾರಿ ರಸ್ತೆಯಲ್ಲಿ ಬಚ್ಚಲು ಸಾಮಾನಿನ ಅಂಗಡಿ ಇಟ್ಟಿದ್ದರು. ಯಾವುದೋ ಹೋಟೆಲಿನಲ್ಲಿ ಗಾಜಿನ ಬಾಗಿಲಿನ ಬಚ್ಚಲು ಕಂಡು ಬಂದ ಮೇಲೆ ನಾವೆಲ್ಲ ಅವರ ಕಣ್ಣಿಗೆ ಕಾಡುಮನುಷ್ಯರಾದೆವು. ಏನೇ ಒಡೆಯಲಿ, ಸೀಳಲಿ, ಅವರದು ಒಂದೇ ಮಾತು: "ಗಮ್ ಹಚ್ರಿ." ಗಾಜಿಗೂ ಅದೇ, ಕಲ್ಲಿಗೂ ಅದೇ, ಪ್ಲಾಸ್ಟಿಕ್ಕಿಗೂ ಅದೇ. ಯಾವುದಕ್ಕೆ ಯಾವ ಗಮ್ ಎಂದು ಟ್ಯೂಬಿನ ಮೇಲೆಯೇ ಬರೆದಿರುತ್ತದೆ. ಓದಿದರೆ ಇವರ ಘನತೆಗೆ ಕುಂದು!

ನಮ್ಮ ಬಚ್ಚಲಿನಲ್ಲಿ ಅವ್ವನ ಕಲ್ಲಿತ್ತು. ಗುಮ್ಮಘಟ್ಟದ ಕಡೆಯಿಂದ ಅಪ್ಪ ತರಿಸಿದ್ದ ಒರಟು ಚಪ್ಪಡಿ. ಮಂಡಿನೋವಿನ ಅವ್ವ ಅಗುಳಿ ಹಾಕಿಕೊಂಡು, ಅದರ ಮೇಲೆ ಕೂತು, ಯಾರ ಹಂಗೂ ಇಲ್ಲದೆ ಮೈ ತೊಳೆದುಕೊಳ್ಳುತ್ತಿದ್ದಳು. ಇನ್ನೊಬ್ಬರ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವ ದಿನ ಬರದಿದ್ದರೆ ಸಾಕು ಎನ್ನುತ್ತಿದ್ದಳು. ಅವಳು ದೇವರಲ್ಲಿ ಬೇಡಿದ್ದು ಅಷ್ಟೇ.

ಭಾವನ ಕಣ್ಣು ಆ ಕಲ್ಲಿನ ಮೇಲೆ ಬಿತ್ತು.

"ಇದೇನ್ರಿ ಅತ್ತಿ, ಬಟ್ಟಿ ಒಗಿಯೋ ಕಲ್ಲಿನ ಮ್ಯಾಗ ಕುಂತು ಜಳಕ ಮಾಡ್ತೀರಿ? ಜನ ನೋಡಿದ್ರ ಏನಂದಾರು?"

ಬಚ್ಚಲಿನಲ್ಲಿ ಅವ್ವನನ್ನು ಯಾವ ಜನ ನೋಡುತ್ತಾರೆ ಎಂದು ನನಗೆ ಆಗ ತಿಳಿಯಲಿಲ್ಲ. ಕಲ್ಲು ಹಿತ್ತಲಿಗೆ ಹೋಯಿತು. ನೆಲಕ್ಕೆ ಮುಖ ಕಾಣುವಷ್ಟು ನುಣ್ಣನೆಯ ಟೈಲ್ಸ್, ಗೋಡೆಗೆ ಕರಿ ಕಡಪ ಕಲ್ಲು, ನಡುವೆ ಆಳೆತ್ತರದ ಗಾಜು ಬಂತು. "ಸ್ಕ್ರೂ ಹಾಕಿದ್ರ ಲುಕ್ ಹೋಗ್ತೈತಿ, ಗಮ್ ಸಾಕು" ಎಂದರು. ಆಮೇಲೆ ಗಿರಾಕಿಗಳು ಬರತೊಡಗಿದರು. ನಮ್ಮ ಬಚ್ಚಲೇ ಅವರ ಶೋರೂಮ್! ಕಣೇಕಲ್ಲಿನಿಂದ, ಓಬಳಾಪುರದಿಂದ ಬಂದವರು ಚಪ್ಪಲಿ ಬಿಟ್ಟು ಬಚ್ಚಲಿನ ದರ್ಶನ ಮಾಡುವ ತನಕ, ತಲೆಗೆ ಎಣ್ಣೆ ಹಚ್ಚಿಕೊಂಡ ಅವ್ವ ಅಡುಗೆಮನೆಯಲ್ಲಿ ಕಾಯುತ್ತ ಕೂರಬೇಕು.

ಕಡಪ ಕಲ್ಲಿಗೆ ಎಣ್ಣೆ ಸವರಿ ಕರ್ರಗೆ ಹೊಳೆಸುವುದು ನಮ್ಮ ಕಡೆಯ ವಾಡಿಕೆ. ಅಡುಗೆಕಟ್ಟೆಗೆ ಸವರಿದರೆ ಯಾರಿಗೂ ತೊಂದರೆಯಿಲ್ಲ. ಈ ಮಹಾಶಯರು ಗಿರಾಕಿಗಳ ಕಣ್ಣು ಕುಕ್ಕಲೆಂದು ಗೋಡೆಗೆ ಶೇಂಗಾ ಎಣ್ಣೆ ತಿಕ್ಕಿಸಿ, ಹೊಳಪು ನೋಡಿ ಮೀಸೆ ತಿರುವಿ, ಅದರ ಮೇಲೆಯೇ ಗಾಜು ಅಂಟಿಸಿದ್ದರು. ಎಣ್ಣೆಗೈಗೆ ಬ್ಯಾಂಡೇಜು ಅಂಟುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ?

ಯುಗಾದಿಯ ಬೆಳಿಗ್ಗೆ ಅವ್ವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ಮೈಯಿಂದ ಇಳಿದ ಎಣ್ಣೆ, ಸೀಗೆಪುಡಿ, ಆ ದರಿದ್ರ ಟೈಲ್ಸ್... ಸ್ಟೂಲ್ ಜಾರಿತು. ಅವ್ವ ಗಾಜು ಹಿಡಿದಳು. ಹಾಲಿನ ಕೆನೆ ಎದ್ದ ಹಾಗೆ ಗಮ್ ಗೋಡೆಯಿಂದ ಎದ್ದು ಬಂತು, ಅದರ ಜೊತೆ ಗಾಜೂ ಬಂತು. ನಾವು ಅಗುಳಿ ಮುರಿದು ಒಳಗೆ ಹೋದಾಗ ಅವಳು ಗಾಜಿನ ಹರಳುಗಳ ನಡುವೆ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಹೋಳಿಗೆ ಊಟಕ್ಕೆ ಬಂದಿದ್ದ ಭಾವ ಬಾಗಿಲಲ್ಲಿ ನಿಂತು ಆಡಿದ ಮೊದಲ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

"ಗ್ಲಾಸ್ ಹಿಡ್ಕಾಬಾರದಿತ್ರಿ ಅತ್ತಿ. ಅದು ನೋಡಾಕ ಇರೋದು."

ಥೂ!

ಅಂದಿನಿಂದ ಅಕ್ಕ ದಿನಾ ಬಂದು ಅವ್ವನಿಗೆ ಸ್ನಾನ ಮಾಡಿಸುತ್ತಾಳೆ. ನೀರು ಹಾಕುವಷ್ಟು ಹೊತ್ತೂ ಅವ್ವ ಕಣ್ಣು ಮುಚ್ಚಿಕೊಂಡಿರುತ್ತಾಳೆ. ಭಾವ ಒಮ್ಮೆಯೂ ತಪ್ಪಾಯಿತು ಎನ್ನಲಿಲ್ಲ. ಹೋದ ವರ್ಷ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅವರ ಮನೆಯಂಗಳದಲ್ಲಿ ಕೊನೆಯ ಸ್ನಾನಕ್ಕೆ ಹಲಗೆ ಹುಡುಕುತ್ತಿದ್ದಾಗ, ವಾಕರ್ ಹಿಡಿದು ನಿಂತಿದ್ದ ಅವ್ವ ನನ್ನ ಕಡೆ ತಿರುಗಿದಳು.

"ನಮ್ಮ ಹಿತ್ತಲಾಗ ನನ್ನ ಕಲ್ಲು ಐತಲ್ಲ, ತರ್ರಿ. ಅಳಿಯಂದ್ರನ್ನ ಅದರ ಮ್ಯಾಗ ಕುಂದ್ರಸ್ರಿ. ಜಾರಂಗಿಲ್ಲ."

ಕಲ್ಲು ಹೊತ್ತು ತಂದೆವು. ಹೆಣ ತೊಳೆದ ಕಲ್ಲನ್ನು ಮತ್ತೆ ಯಾರು ಬಚ್ಚಲಿಗೆ ತರುತ್ತಾರೆ? ಹೋಗುವಾಗ ಅದನ್ನೂ ಅವ್ವನಿಂದ ಕಿತ್ತುಕೊಂಡೇ ಹೋದರು, ಪುಣ್ಯಾತ್ಮ.

ಕನ್ನಡಿಯವನು ಟ್ಯೂಬ್ ಹಿಡಿದುಕೊಂಡು, "ಮೊದಲು ಗೋಡಿ ಒರಸ್ಲೇನ್ರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಅವ್ವನ ದನಿ ಬಂತು.

"ಚಲೋತ್ನಾಗ ಒರಸಪ್ಪಾ. ನಮ್ಮ ಅಳಿಯಂದ್ರು ಎಣ್ಣಿ ಹಚ್ಚಿರ್ತಾರ."

ನನಗೆ ನಗು ಬಂತು. ಹಿಂದೆಯೇ ಒಂದು ಬೈಗುಳವೂ ನಾಲಿಗೆಗೆ ಬಂತು... ಬೈಸಿಕೊಂಡು, ಎದೆ ಸೆಟೆಸಿ, "ಗಮ್ ಹಚ್ರಿ" ಎನ್ನುವ ಆ ಮನುಷ್ಯ ಎಲ್ಲಿದ್ದಾರೆ? ಅಡುಗೆಮನೆಯಲ್ಲಿ ಅಕ್ಕ ಅವ್ವನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಬೈಗುಳವನ್ನು ಹಾಗೇ ನುಂಗಿಕೊಂಡೆ.