ಅತ್ತೆ ಹೇಳಿದ ಸಾಕ್ಷಿ

ಆ ಬೇಸಿಗೆ ರಜೆಗೆ ನಾನು ಶಿವಮೊಗ್ಗದಿಂದ ಭದ್ರಾವತಿಯ ಅತ್ತೆ ಮನೆಗೆ ಹೋದದ್ದು ತಿಂದುಂಡು ಹರಟೆ ಹೊಡೆಯಲು. ಮಲವಗೊಪ್ಪ ದಾಟುವಷ್ಟರಲ್ಲಿ ಬಸ್ಸಿನ ಸೀಟು ಕಾದ ಕಾವಲಿಯಾಗಿತ್ತು. ಅತ್ತೆ ಎಂದರೆ ಅಪ್ಪನ ಅಕ್ಕ. ಅವಳ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ಪ್ರತಿ ಭಾನುವಾರ ನಮ್ಮ ಕ್ರೈಸ್ತ ಸಭೆಯ ಆರಾಧನೆ. ಹತ್ತು ಹನ್ನೆರಡು ಮನೆಯವರು, ಅದರಲ್ಲಿ ಅರ್ಧ ನೆಂಟರೇ. ಒಬ್ಬರ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದೂ ಎಲ್ಲರಿಗೂ ಗೊತ್ತಾಗುವಷ್ಟು ಚಿಕ್ಕ ಸಭೆ.

ಹಾಡು ಮುಗಿದ ಮೇಲೆ ಸಾಕ್ಷಿಯ ಸಮಯ. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು. ಬೇಸಿಗೆಯಲ್ಲಿ ಊರೂರಿನ ನೆಂಟರು ಬಂದಿರುತ್ತಾರೆ, ಅವರೆದುರು ಯಾರೂ ಏಳದಿದ್ದರೆ ಮನೆಯವರಿಗೆ ನಾಚಿಕೆ. ಆ ಭಾನುವಾರ ಯಾರೂ ಏಳಲಿಲ್ಲ. ಕೊನೆಗೆ ಅತ್ತೆಯೇ ಎದ್ದಳು. ಹಿಂದಿನ ವಾರ ಅವಳ ಶುಗರ್ ರಿಪೋರ್ಟ್ ನಾರ್ಮಲ್ ಬಂದಿತ್ತು. ತಪ್ಪದೆ ಮಾತ್ರೆ ನುಂಗಿದ್ದಕ್ಕೆ ಬಂದಿತ್ತು. ಅತ್ತೆ ಮಾತ್ರೆಯ ಸುದ್ದಿಯನ್ನೇ ಎತ್ತದೆ, ಕರ್ತನು ನನ್ನ ಕಾಯಿಲೆಯನ್ನು ಪೂರ್ತಿ ತೆಗೆದುಹಾಕಿದ ಎಂದುಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿ ಸ್ತೋತ್ರ ಹೇಳಿದರು. ನಾನೂ ತಟ್ಟಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಅತ್ತೆ ಮಾತ್ರೆ ಬಿಟ್ಟಳು. ಮಾವ ಗದರಿದರು. ಅಪ್ಪ ಫೋನಿನಲ್ಲಿ ಕೂಗಾಡಿದರು. ನಾನು ಮಾತ್ರೆ, ನೀರು ಹಿಡಿದು ಎದುರು ನಿಂತರೆ ನಕ್ಕಳು.

“ಎಲ್ಲರೆದುರು ಹೇಳಿಬಿಟ್ಟಿದ್ದೀನಿ ಮಾರಾಯ್ತಿ. ಈಗ ನುಂಗಿದ್ರೆ ಸುಳ್ಳಾಗೋದು ನಾನಲ್ಲ, ದೇವ್ರು.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ದೇವರ ಮಾನ ಕಾಯಲು ಟೊಂಕ ಕಟ್ಟಿದವಳ ಹತ್ತಿರ ಜಗಳವಾಡುವುದು ಹೇಗೆ? ಗ್ಲಾಸಿನ ನೀರನ್ನು ನಾನೇ ಕುಡಿದೆ.

ರಜೆ ಮುಗಿಯುತ್ತ ಬಂದಾಗ ಚಪ್ಪಲಿ ಕಚ್ಚಿ ಅವಳ ಹೆಬ್ಬೆರಳಲ್ಲಿ ಗಾಯವಾಯಿತು. ಆ ಧಗೆಯಲ್ಲೂ ಅರಿಶಿನ ಹಚ್ಚಿ, ಮೇಲೆ ಕಾಲುಚೀಲ ಹಾಕಿಕೊಂಡು ಓಡಾಡಿದಳು. ಗಾಯದಿಂದ ವಾಸನೆ ಬರತೊಡಗಿದ ದಿನ ನಾನು ಯಾರಿಗೂ ಹೇಳದೆ ಪಾಸ್ಟರ್ ಮನೆಗೆ ಓಡಿದೆ. ಅವರು ಬೆಚ್ಚಿಬಿದ್ದರು. ತಿಂಡಿಯಾದ ಮೇಲೆ ಬಿ.ಪಿ. ಮಾತ್ರೆ ನುಂಗದೆ ಮನೆಯಿಂದ ಹೊರಬೀಳದ ಮನುಷ್ಯ ಅವರು. ಅಂದೇ ಸಂಜೆ ಬಂದು, ಮಾತ್ರೆಯನ್ನೂ ದೇವರೇ ಕೊಟ್ಟದ್ದು, ತೆಗೆದುಕೊಳ್ಳಿ, ನಾಳೆಯೇ ಆಸ್ಪತ್ರೆಗೆ ಹೋಗಿ ಎಂದು ಬಿಡಿಸಿ ಹೇಳಿದರು. ಅತ್ತೆ ತಲೆ ತಗ್ಗಿಸಿ ಕೇಳಿದಳು, ಕಾಫಿ ಕೊಟ್ಟು ಕಳಿಸಿದಳು. ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಬಾಗಿಲು ಹಾಕಿ ಅವಳು ನನ್ನ ಕಡೆ ತಿರುಗಿದಾಗ ಮುಖ ಅರಳಿತ್ತು.

“ನನ್ನ ವಿಶ್ವಾಸ ಪರೀಕ್ಷೆ ಮಾಡಕ್ಕೆ ಬಂದಿದ್ರು ಕಣೇ. ನಾನು ಜಗ್ಗಲಿಲ್ಲ.”

ಹಿತ್ತಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅಳುವುದೊಂದೇ ನನಗೆ ಉಳಿದದ್ದು. ಇನ್ನು ಯಾರನ್ನು ಕರೆತರಲಿ?

ಎರಡು ದಿನಕ್ಕೆ ಮೈ ಸುಡುವ ಜ್ವರ ಬಂದು ಅತ್ತೆ ಅಡುಗೆಮನೆಯಲ್ಲಿ ಕುಸಿದಳು. ಮಾವ, ನಾನು ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಕಾಲುಚೀಲ ತೆಗೆದಾಗ ಬೆರಳು ಕಪ್ಪಾಗಿತ್ತು. ಬೆರಳನ್ನಂತೂ ತೆಗೆಯಲೇಬೇಕು, ಪಾದ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಮಾವ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಎಚ್ಚರವಾದಾಗ ಅತ್ತೆ ಕಾಲಿನ ವಿಷಯ ಕೇಳಲಿಲ್ಲ. ಸಭೆಯವರಿಗೆ ಏನು ಹೇಳಿದ್ದೀರಿ ಎಂದಳು. ಜ್ವರ ಎಂದಷ್ಟೇ ಹೇಳಿದ್ದೆವು. ಅವರು ವಾರ್ಡಿನ ಬಾಗಿಲಿಗೆ ಬಂದೇಬಿಟ್ಟಿದ್ದರು.

“ಕಾಲು ಮುಚ್ಚೇ ಬೇಗ,” ಎಂದು ನನ್ನ ಕೈ ಹಿಡಿದಳು. “ನೋಡಿದ್ರೆ ಅವರ ನಂಬಿಕೆ ಹೋಗುತ್ತೆ.”

ನಾನು ಹೊದಿಕೆ ಎಳೆದು ಅವಳ ಕಾಲು ಮುಚ್ಚಿದೆ. ಅವರು ಮಂಚದ ಸುತ್ತ ನಿಂತು, ಶುಗರ್ ವಾಸಿಮಾಡಿದ ಕರ್ತನು ಜ್ವರವನ್ನೂ ವಾಸಿಮಾಡಲಿ ಎಂದು ಪ್ರಾರ್ಥಿಸಿದರು. ಅತ್ತೆ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಳು.